ಎತ್ತಿಟ್ಟ ಬೂಟು

ನನ್ನ ಎಡಗಾಲಿನ ಬೂಟಿನ ಅಟ್ಟೆ ಕಳಚಿ ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಭಾನುವಾರ ಬೆಳಿಗ್ಗೆ ಗ್ಯಾನೆಟ್ ಕೋವ್ ಅನ್ನುವ ಕಡಲತೀರದ ಊರಿನ ದೋಣಿಕಟ್ಟೆಯ ಮೇಲೆ ನಾನೂ ನನ್ನ ತಂಗಿ ಟ್ವೈಲಾಳೂ ನಡೆಯುತ್ತಿದ್ದೆವು. ಮರುದಿನದ ದೊಡ್ಡ ನಡಿಗೆಗೆ ಮುಂಚೆ ಕಾಲು ಸಡಿಲ ಮಾಡಿಕೊಳ್ಳೋಣ ಅಂತ ಅವಳೇ ಹೊರಡಿಸಿದ್ದಳು. ನಾನು ಮುಂದೆ, ಅವಳು ಹಿಂದೆ.

"ವರ್ನಾ, ನಿಂತ್ಕೊಳ್ಳೇ. ನಿನ್ನ ಕಾಲಿಂದ ಏನೋ ಬಿತ್ತು."

ತಿರುಗಿ ನೋಡಿದೆ. ಹತ್ತು ಹೆಜ್ಜೆ ಹಿಂದೆ, ಒದ್ದೆ ಹಲಗೆಯ ಮೇಲೆ ನನ್ನ ಅಟ್ಟೆ ಅಂಗಾತ ಬಿದ್ದಿತ್ತು. ಟ್ವೈಲಾ ಅದನ್ನು ಎತ್ತಿಕೊಂಡಳು. ಒಳಗಿನ ಮೆತ್ತನೆಯ ಭಾಗ ಹಳೆಯ ಬಿಸ್ಕತ್ತಿನ ಹಾಗೆ ಅವಳ ಬೆರಳ ಸಂದಿಯಿಂದ ಪುಡಿಪುಡಿಯಾಗಿ ಉದುರಿತು. ಬಲಗಾಲು ಎತ್ತಿ ನೋಡಿಕೊಂಡರೆ ಅದೂ ಹಿಮ್ಮಡಿಯ ಹತ್ತಿರ ಬಾಯಿ ಬಿಟ್ಟುಕೊಂಡು ಕೂತಿತ್ತು.

"ಹತ್ತು ಹೆಜ್ಜೆ ಹಾಗೇ ನಡ್ಕೊಂಡು ಹೋಗಿದ್ದೀಯಲ್ಲೇ. ಗೊತ್ತಾಗ್ಲಿಲ್ವಾ ನಿಂಗೆ?"

"ದಪ್ಪ ಕಾಲುಚೀಲ ಹಾಕಿದ್ದೀನಲ್ಲ," ಅಂದೆ.

ಅದು ಆ ದಿನದ ಮೊದಲ ಸುಳ್ಳು. ಊರು ಬಿಟ್ಟು ಗಡಿ ದಾಟಿದ ಮೇಲೆ ಹೇಳಿದ್ದರಲ್ಲಿ ಎಷ್ಟನೆಯದೋ, ನನಗೂ ಮರೆತುಹೋಗಿತ್ತು.

ಆ ಬೂಟಿನ ವಿಷಯ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ನೆಬ್ರಾಸ್ಕಾದ ನಮ್ಮೂರಲ್ಲಿ ನಾವಿಬ್ಬರೂ ಒಂದೇ ದಿನ, ಒಂದೇ ಥರದ ಬೂಟು ಕೊಂಡಿದ್ದೆವು. ಗಡಿಯಾಚೆಯ ಈ ನ್ಯೂಫೌಂಡ್‌ಲ್ಯಾಂಡ್ ದ್ವೀಪಕ್ಕೆ ಬಂದು ಗ್ರೇ ರಿಡ್ಜ್ ಬೆಟ್ಟಸಾಲನ್ನು ನಾಲ್ಕು ದಿನ ನಡೆದು ದಾಟಬೇಕು ಅನ್ನುವುದು ಟ್ವೈಲಾಳ ಹುಡುಗಿಯ ಕಾಲದ ಆಸೆ. ಆ ಬೇಸಿಗೆಯಲ್ಲೇ ಅವಳ ಗಂಡ ರೋಲ್ಯಾಂಡ್ ಪೇಟೆಗೆ ಹೋದವನು ಮನೆಯ ದಾರಿ ಮರೆತ. ಆಮೇಲೆ ಒಂದೊಂದನ್ನೇ ಮರೆಯುತ್ತ ಹೋದ, ಕೊನೆಗೆ ತುತ್ತು ನುಂಗುವುದನ್ನೂ ಮರೆತ. ಹೋದ ವರ್ಷ ತೀರಿಕೊಂಡ. ಅಷ್ಟು ವರ್ಷವೂ ಟ್ವೈಲಾ ಅವನನ್ನು ಬಿಟ್ಟು ಕದಲಲಿಲ್ಲ. ಉಸಿರು ಕಟ್ಟಿದಂತಾದಾಗ ಆ ಬೂಟು ಹಾಕಿಕೊಂಡು ರಸ್ತೆಬದಿಯ ಅಂಚೆ ಡಬ್ಬದವರೆಗೆ ಹೋಗಿ ಬರುತ್ತಿದ್ದಳು. ಹಾಗೆ ಹೋಗಿ ಬಂದೇ ಎರಡು ಜೋಡಿ ಸವೆಸಿದಳು. ನಾನು ನನ್ನದನ್ನು ಕಾಗದ ಸುತ್ತಿ ಡಬ್ಬದಲ್ಲಿಟ್ಟು ಕಪಾಟಿನ ಮೇಲೆ ಎತ್ತಿಟ್ಟೆ. "ನಿನ್ನ ಸರದಿ ಬರಲಿ, ಹೊಸ ಬೂಟಲ್ಲಿ ಬರ್ತೀನಿ" ಅಂತ ಪ್ರತಿ ಕ್ರಿಸ್‌ಮಸ್‌ಗೂ ಅವಳಿಗೆ ಹೇಳುತ್ತಿದ್ದೆ. ಹಾಕದೆ ಇಟ್ಟ ಬೂಟು ಒಳಗೊಳಗೇ ಕೊಳೆಯುತ್ತದೆ ಅಂತ ನನಗೆ ಯಾರು ಹೇಳಿದ್ದರು?

ಬೂಟು ಹಾಳಾಗಿ ಹೋಗಲಿ, ನನ್ನ ಕಾಲಿನದು ಅದಕ್ಕಿಂತ ದೊಡ್ಡ ಗೋಳು. ಆರು ವರ್ಷದಿಂದ ನನಗೆ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಪಾದಗಳಲ್ಲಿ ಸ್ಪರ್ಶವಿಲ್ಲ. ಊರಿನ ಆಸ್ಪತ್ರೆಯಲ್ಲಿ ನರ್ಸ್ ನನ್ನ ಕಣ್ಣು ಮುಚ್ಚಿಸಿ, ಪಾದಕ್ಕೆ ಸಣ್ಣ ನೈಲಾನ್ ಎಳೆ ತಾಗಿಸುತ್ತೇನೆ, ಗೊತ್ತಾದಾಗ ಹೇಳಿ ಅಂದಿದ್ದಳು. ನಾನು ಅಂದಾಜಿನ ಮೇಲೆ "ಹೂಂ, ಈಗ" ಅಂದೆ. "ನಾನಿನ್ನೂ ಮುಟ್ಟೇ ಇಲ್ಲ ಮೇಡಂ," ಅಂದಳು. ಆಮೇಲೆ ಮೂರು ಮಾತು ಹೇಳಿ ಕಳಿಸಿದಳು: ಕಾಲು ಒದ್ದೆಯಾಗಬಾರದು, ದಿನಾ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು, ಗುಳ್ಳೆ ಎದ್ದರೆ ಒಂದು ದಿನವೂ ಸುಮ್ಮನಿರಬಾರದು. ನಮ್ಮಮ್ಮನ ಬಲಗಾಲು ಮಂಡಿಯ ಕೆಳಗೆ ಹೋದದ್ದು ಒಂದು ಗುಳ್ಳೆಯಿಂದಲೇ. ಅವಳ ಗಾಯ ತೊಳೆದು, ಪಟ್ಟಿ ಕಟ್ಟಿ, ಕೊನೆಯವರೆಗೂ ನೋಡಿಕೊಂಡವಳು ಟ್ವೈಲಾ. ನಾನು ಶಾಲೆಯ ಬಸ್ಸು ಓಡಿಸುತ್ತಿದ್ದೆ, ಪುರುಸೊತ್ತಿಲ್ಲ ಅಂದುಬಿಟ್ಟಿದ್ದೆ.

ಮೊದಲು ಅಮ್ಮ, ಆಮೇಲೆ ಗಂಡ. ಇನ್ನು ನನ್ನ ಕಾಲನ್ನೂ ಅವಳ ಮಡಿಲಿಗೆ ಹಾಕಲೇ? ನನ್ನಿಂದ ಆಗಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ವಿಮಾನ ಹತ್ತಿದ್ದೆ. ನೀರು ನುಗ್ಗದ ಒಳ್ಳೆಯ ಬೂಟಿದೆ, ನಾಲ್ಕು ದಿನ ತಾನೇ, ಹೇಗೋ ಕಳೆಯುತ್ತದೆ ಅಂದುಕೊಂಡಿದ್ದೆ. ಈಗ ಆ ಬೂಟು ಟ್ವೈಲಾಳ ಕೈಯಲ್ಲಿ ಪುಡಿಯಾಗಿ ಉದುರುತ್ತಿತ್ತು.

"ಅಯ್ಯೋ, ಮುಖ ಯಾಕೆ ಹಾಗೆ ಮಾಡ್ಕೊಂಡೆ?" ಟ್ವೈಲಾ ನಕ್ಕಳು. "ಬೂಟು ತಾನೇ? ಇಲ್ಲೇ ಯಾರಾದ್ರೂ ಮಾರ್ತಿರ್ತಾರೆ."

"ಭಾನುವಾರ ಕಣೇ."

"ನಾಳೆ ಒಂಬತ್ತಕ್ಕೆ ಪರವಾನಗಿ. ಇವತ್ತೇ ಸಿಗಬೇಕು. ನಡಿ ಹುಡುಕೋಣ."

ಗ್ರೇ ರಿಡ್ಜ್ ದಾರಿಗೆ ಒಬ್ಬೊಬ್ಬರನ್ನೇ ಬಿಡುವುದಿಲ್ಲ, ಕಡಿಮೆಯೆಂದರೆ ಇಬ್ಬರಿರಬೇಕು. ತಾರೀಕು ತಪ್ಪಿದರೆ ಆ ವರ್ಷಕ್ಕೆ ಬೇರೆ ತಾರೀಕಿಲ್ಲ. ನಾನು ನಿಂತರೆ ಅವಳೂ ನಿಲ್ಲಬೇಕು. ಇದೆಲ್ಲ ತಲೆಯಲ್ಲಿ ಗಿರಗಿರ ಸುತ್ತುತ್ತಿತ್ತು. ಅಟ್ಟೆ ಇಲ್ಲದ ಬೂಟಿಗೆ ಟ್ವೈಲಾಳ ಕೊರಳವಸ್ತ್ರ ಸುತ್ತಿ, ಕುಂಟುತ್ತ ಊರೊಳಗೆ ಬಂದೆವು. ನಾನು ಹೆಜ್ಜೆಹೆಜ್ಜೆಗೂ ಬಗ್ಗಿ ನೆಲ ನೋಡಿಕೊಳ್ಳುತ್ತಿದ್ದೆ. ಗಾಜಿನ ಚೂರು ಚುಚ್ಚಿದರೂ ನನಗೆ ಗೊತ್ತಾಗುವಂತಿರಲಿಲ್ಲ.

ಮೊದಲ ಅಂಗಡಿಗೆ ಬೀಗ. ಎರಡನೆಯದರಲ್ಲಿ ಮೀನುಗಾರರ ರಬ್ಬರ್ ಬೂಟು ಬಿಟ್ಟರೆ ಬೇರೇನೂ ಇಲ್ಲ. ಬಂಡೆ ಹತ್ತಲು ಅದು ಬರುವುದಿಲ್ಲ. ದೊಡ್ಡ ಪೇಟೆ ಎರಡು ಗಂಟೆಯ ದಾರಿ, ಅಲ್ಲಿನ ಅಂಗಡಿಯವರು ಫೋನನ್ನೇ ಎತ್ತಲಿಲ್ಲ. ಕಡೆಗೆ ಚರ್ಚ್ ಮುಗಿಸಿ ಬರುತ್ತಿದ್ದ ಒಬ್ಬರು, ಐವಿ ಪಿನ್ಸೆಂಟ್ ಹತ್ತಿರ ಹೋಗಿ, ಬಾಗಿಲು ತಟ್ಟಿದರೆ ತೆಗೆಯುತ್ತಾಳೆ ಅಂದರು.

ಐವಿಯ ಅಂಗಡಿ ಅವಳ ಮನೆಯ ಕೆಳಗೇ ಇತ್ತು. ಎಪ್ಪತ್ತು ದಾಟಿದ ಗುಂಡುಗುಂಡಾದ ಹೆಂಗಸು, ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನ ಕಾಲಿಗೆ ಸುತ್ತಿದ್ದ ಕೊರಳವಸ್ತ್ರ ನೋಡಿ, "ಬಾ ಚಿನ್ನಾ, ಒಳಗೆ ಬಾ. ಚೆನ್ನಾಗಿ ಕೈ ಕೊಡ್ತಾ ಬೂಟು?" ಅಂದಳು. ಅಲ್ಲಿಯವರಿಗೆ ಎದುರಿಗೆ ಬಂದವರೆಲ್ಲ ಚಿನ್ನವೇ. ನನಗೆ ಅರವತ್ತೆರಡು.

ನಡಿಗೆಯ ಬೂಟು ಅವಳಲ್ಲಿ ಇದ್ದದ್ದೇ ಐದಾರು ಜೋಡಿ. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಮೊದಲ ಜೋಡಿ ತೊಡಿಸಿದಳು. ಟ್ವೈಲಾ ಬಾಗಿಲ ಹತ್ತಿರ ನಕ್ಷೆ ನೋಡುತ್ತಿದ್ದಳು. ಐವಿ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, "ಇಲ್ಲಿ ಬಿಗಿಯಾಗುತ್ತಾ?" ಅಂತ ಕೇಳಿದಳು.

ನಾನು ಅವಳ ಹೆಬ್ಬೆರಳು ನೋಡಿದೆ. ಆಮೇಲೆ ಅವಳ ಮುಖ ನೋಡಿದೆ. ಹುಬ್ಬು ಗಂಟಿಕ್ಕಿತ್ತು.

"ಸ್ವಲ್ಪ ಬಿಗಿ," ಅಂದೆ.

ಅವಳು ತಲೆ ಆಡಿಸಿ ಬಿಚ್ಚಿದಳು. ಅಬ್ಬ, ಗೆದ್ದೆ ಅಂದುಕೊಂಡೆ. ಎರಡನೆಯ ಜೋಡಿ. ಈ ಸಲ ಐವಿ ಒತ್ತುವಾಗ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ಅವಳ ಅಂಗೈ ಬೂಟನ್ನು ಪೂರ್ತಿ ಮುಚ್ಚಿತ್ತು.

"ಎಲ್ಲಿ ಒತ್ತುತ್ತಿದ್ದೀನಿ ಹೇಳು?"

"ಅಲ್ಲೇ. ಮುಂದೆ. ಬೆರಳ ಹತ್ತಿರ."

ಅವಳು ಅಂಗೈ ಸರಿಸಿದಳು, ಹೆಬ್ಬೆರಳು ಊರಿದ್ದದ್ದು ಪಾದದ ನಡುವೆ. ಬೂಟನ್ನು ನಿಧಾನವಾಗಿ ಬಿಚ್ಚಿ, ನನ್ನ ಕಡೆ ಬಗ್ಗಿ, ದನಿ ತಗ್ಗಿಸಿದಳು. "ಸಕ್ಕರೆನಾ ಚಿನ್ನಾ? ನಮ್ಮನೆಯವರಿಗೂ ಇತ್ತು. ಬೂಟೊಳಗೆ ಮೊಳೆ ಚುಚ್ಕೊಂಡಿದ್ರೂ ಗೊತ್ತಾಗದೆ ಮೂರು ದಿನ ದೋಣಿ ಮೇಲೆ ಓಡಾಡಿದ್ರು."

ಟ್ವೈಲಾಳ ಕಡೆ ನೋಡಿದೆ. ಅವಳು ನಕ್ಷೆಯ ಮೇಲೆ ಬೆರಳಿಟ್ಟು ದಾರಿ ಹಿಡಿದು ಹೋಗುತ್ತಿದ್ದಳು, ತುಟಿ ಅಲುಗುತ್ತಿತ್ತು.

"ನಿಮ್ಮ ಕೆಲಸ ಬೂಟು ಮಾರೋದು," ಅಂದೆ ಹಲ್ಲು ಕಚ್ಚಿ. "ನೀರು ನುಗ್ಗದೆ ಇರೋದು ಒಂದು ಕೊಡಿ, ಹೋಗ್ತೀವಿ."

ಐವಿ ಮುನಿಸಿಕೊಳ್ಳಲಿಲ್ಲ. ಒಳಗೆ ಹೋಗಿ ಮೂರನೆಯ ಜೋಡಿ ತಂದಳು. ಅಗಲವಾದ, ಕಂದು ಬಣ್ಣದ ಬೂಟು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ನನಗೆ ಅಳುವೇ ಬಂದಂತಾಯಿತು. ಲೇಸು ಕಟ್ಟಿ, "ಏಳು, ತೊಟ್ಟಿಗೆ ಇಳಿ," ಅಂದಳು.

ಅಂಗಡಿಯ ಹಿಂಭಾಗದಲ್ಲಿ ಮೀನು ತುಂಬುವ ದೊಡ್ಡ ಪ್ಲಾಸ್ಟಿಕ್ ತೊಟ್ಟಿ. ಅದರಲ್ಲಿ ನಾಲ್ಕು ಬೆರಳಿನಷ್ಟು ಸಮುದ್ರದ ನೀರು. "ಡಬ್ಬದ ಮೇಲೆ ಏನು ಬೇಕಾದ್ರೂ ಬರೀತಾರೆ. ನನ್ನ ಅಂಗಡಿ ಬೂಟು ಹತ್ತು ನಿಮಿಷ ಇದರಲ್ಲಿ ನಿಂತೇ ಹೊರಗೆ ಹೋಗೋದು. ನಮ್ಮನೆಯವರ ಕಾಲದಿಂದಲೂ ಹೀಗೇ."

ನಾನು ಇಳಿದೆ. ಐವಿ ಒಲೆಯ ಮೇಲಿನ ಕೆಟಲ್ಲಿನಿಂದ ಟೀ ಬಗ್ಗಿಸಿ, ಡಬ್ಬದ ಹಾಲು ಹಾಕಿ, ನನಗೂ ಟ್ವೈಲಾಳಿಗೂ ಒಂದೊಂದು ಲೋಟ ಕೊಟ್ಟಳು. ಮೀನಿನ ತೊಟ್ಟಿಯಲ್ಲಿ ನಿಂತು ಟೀ ಕುಡಿಯುತ್ತಿದ್ದ ನನ್ನನ್ನು ನೋಡಿ ಟ್ವೈಲಾಳಿಗೆ ನಗು ತಡೆಯಲಾಗಲಿಲ್ಲ.

"ಫೋಟೋ ತೆಗೀಲಾ? ಬಸ್ಸಿನ ಮಕ್ಕಳಿಗೆ ತೋರಿಸೋಣ."

"ತೆಗಿ, ಕೈ ಮುರೀತೀನಿ."

ಅವಳನ್ನು ಅಷ್ಟು ಹಗುರಾಗಿ ನಾನು ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ. ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತು, ಎರಡನೆಯ ದಿನ ಎಲ್ಲಿ ಡೇರೆ ಹಾಕುವುದು, ಮೂರನೆಯ ದಿನ ಯಾವ ಕೆರೆಯಲ್ಲಿ ಮುಖ ತೊಳೆಯುವುದು ಅಂತ ಹೇಳುತ್ತಲೇ ಇದ್ದಳು. ನಾನು ಹೂಂ ಹೂಂ ಅನ್ನುತ್ತಿದ್ದೆ. ಜೀವವೆಲ್ಲ ಕಾಲ ಬೆರಳಿನಲ್ಲಿತ್ತು. ಏನಾದರೂ ಹೇಳುತ್ತದೆಯೇ ಅಂತ ಕಾಯುತ್ತಿದ್ದೆ. ತಣ್ಣಗೋ, ಬೆಚ್ಚಗೋ, ಒದ್ದೆಯೋ? ಏನೂ ಇಲ್ಲ. ಆ ತುದಿಯಲ್ಲಿ ನನ್ನ ಕಾಲು ಇದೆ ಅನ್ನುವುದಕ್ಕೂ ಕಣ್ಣೇ ಸಾಕ್ಷಿ. ಇಲ್ಲ, ನೀರು ಬಂದಿದ್ದರೆ ಗೊತ್ತಾಗುತ್ತಿತ್ತು, ಇಷ್ಟಾದರೂ ಗೊತ್ತಾಗದೆ ಇರುತ್ತದೆಯೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಹೇಗಿದೆಯೇ?" ಟ್ವೈಲಾ ಕೇಳಿದಳು.

"ಒಂದು ಹನಿ ಇಲ್ಲ ಕಣೇ. ಬೆಚ್ಚಗೆ, ಒಣಗೇ ಇದೆ. ಇದನ್ನೇ ತಗೊಂಡುಬಿಡೋಣ."

"ಸ್ವಲ್ಪ ತಾಳು," ಅಂದಳು ಐವಿ. "ಕೂತ್ಕೋ. ಬಿಚ್ಚೋಣ."

"ನಾನೇ ಬಿಚ್ಕೊಳ್ತೀನಿ—"

ಅಷ್ಟರಲ್ಲಿ ಅವಳು ಲೇಸು ಸಡಿಲಿಸಿ ಎಡಬೂಟು ಎಳೆದಾಗಿತ್ತು. ಬೂದು ಬಣ್ಣದ ನನ್ನ ಕಾಲುಚೀಲ ಬೆರಳಿನಿಂದ ಅರ್ಧ ಪಾದದವರೆಗೆ ಕಪ್ಪಾಗಿತ್ತು. ಐವಿ ಅದನ್ನು ಬಿಚ್ಚಿ, ತೊಟ್ಟಿಯ ಮೇಲೆ ಹಿಡಿದು, ಪಾತ್ರೆ ಒರೆಸುವ ಬಟ್ಟೆಯ ಹಾಗೆ ಹಿಂಡಿದಳು. ನೀರು ತೊರತೊರ ಸುರಿಯಿತು.

ಬೂಟಿನ ಬೆರಳ ಭಾಗದ ಹೊಲಿಗೆ ಬಿಟ್ಟಿತ್ತಂತೆ. ಅದು ಅವಳಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ನಾನು ಇವತ್ತಿನವರೆಗೂ ಕೇಳಿಲ್ಲ.

ಟ್ವೈಲಾ ಆಡಿಸುತ್ತಿದ್ದ ಕಾಲು ನಿಂತಿತು. ಲೋಟ ಕೆಳಗಿಟ್ಟು ಎದ್ದು ಬಂದಳು. ನನ್ನ ಪಾದ ಬೆಳ್ಳಗೆ, ಸುಕ್ಕುಸುಕ್ಕಾಗಿ ಬೆಂಚಿನ ಮೇಲಿತ್ತು. ಅವಳು ಅದನ್ನು ಮುಟ್ಟಿದಳು. ಮಂಜುಗಡ್ಡೆಯಷ್ಟು ತಣ್ಣಗಿತ್ತಂತೆ, ಆಮೇಲೆ ಹೇಳಿದಳು. ಅಂಗಾಲಿಗೆ ಉಗುರು ಊರಿ, ನನ್ನ ಮುಖವನ್ನೇ ನೋಡಿದಳು. ನಾನು ರೆಪ್ಪೆ ಬಡಿಯಲಿಲ್ಲ, ಬಡಿಯಬೇಕು ಅಂತ ನನಗೆ ಗೊತ್ತಾಗಬೇಕಲ್ಲ.

"ಎಷ್ಟು ದಿನದಿಂದ?"

"ಟ್ವೈಲಾ..."

"ಎಷ್ಟು ದಿನದಿಂದ ವರ್ನಾ?"

"ಎರಡು ವರ್ಷ."

ಅವಳು ಬಾಗಿಲು ತೆರೆದು ಹೊರಗೆ ಹೋದಳು. ಹಿಂದೆಯೇ ಓಡಲು ನನ್ನ ಎಡಗಾಲಲ್ಲಿ ಏನೂ ಇರಲಿಲ್ಲ. ಬರಿಗಾಲಲ್ಲಿ ಇಳಿಯಬಾರದು ಅಂತ ನರ್ಸ್ ಹೇಳಿದ್ದು ಆ ಗಳಿಗೆಯಲ್ಲೂ ನೆನಪಾಯಿತು, ನನ್ನ ಮೇಲೆಯೇ ಅಸಹ್ಯವಾಯಿತು. ಐವಿ ಬಲಬೂಟನ್ನೂ ಬಿಚ್ಚಿ, ನನ್ನ ಎರಡೂ ಪಾದ ಒರೆಸಿ, ಅವಳದೇ ಒಣ ಕಾಲುಚೀಲ ತೊಡಿಸಿ, ಮೂಲೆಯಲ್ಲಿದ್ದ ತನ್ನ ಗಂಡನ ರಬ್ಬರ್ ಬೂಟು ತಳ್ಳಿದಳು. "ಹೋಗು ಚಿನ್ನಾ. ನಿನಗೆ ದೊಡ್ಡದಾಗುತ್ತೆ, ಬಿದ್ದುಗಿದ್ದೀಯ."

ಟ್ವೈಲಾ ಸಿಗಡಿ ಹಿಡಿಯುವ ಮರದ ಪಂಜರಗಳ ಮೇಲೆ ಕೂತಿದ್ದಳು. ನಾನು ಟಪಟಪ ಸದ್ದು ಮಾಡಿಕೊಂಡು ಹೋಗಿ ಎದುರಿಗೆ ನಿಂತೆ.

"ನಿನಗೆ ಮತ್ತೆ ಅದೇ ಕೆಲಸ ಅಂಟಿಸಬಾರದು ಅಂತ ಕಣೇ," ಅಂದೆ. "ಅಮ್ಮನ ಕಾಲು ತೊಳೆದೆ. ರೋಲ್ಯಾಂಡನ್ನ ಹತ್ತು ವರ್ಷ ತೊಳೆದೆ. ನಿನಗೂ ಸಾಕಾಗಿದೆ ಅಂತ..."

"ಸಾಕಾಗಿದೆ ಅಂತ ನಾನು ಹೇಳಿದ್ನಾ?"

ನಾನು ಅವಳ ಪಕ್ಕದ ಪಂಜರದ ಮೇಲೆ ಕೂತೆ.

"ಅಮ್ಮ ಆ ಗುಳ್ಳೆನ ಐದು ವಾರ ಮುಚ್ಚಿಟ್ಟಿದ್ದಳು. ಗೊತ್ತಾ ನಿಂಗೆ? ಏನೂ ಇಲ್ಲ ಕಣೇ, ಏನೂ ಇಲ್ಲ ಅಂತ. ವಾಸನೆ ಬಂದ ಮೇಲೆ ನನಗೆ ಗೊತ್ತಾಗಿದ್ದು. ರೋಲ್ಯಾಂಡೂ ಹಾಗೇ. ಒಂದು ವರ್ಷ ಚೀಟಿ ಬರೆದು ಜೇಬಲ್ಲಿ ಇಟ್ಕೊಂಡು ನಾಟಕ ಆಡಿದ. ನನ್ನ ಹೆಸರೂ ಒಂದು ಚೀಟಿಯಲ್ಲಿತ್ತು." ಅವಳ ಕಣ್ಣಲ್ಲಿ ನೀರಿರಲಿಲ್ಲ, ಬರೀ ಸಿಟ್ಟು. "ತೊಳೆಯೋದು ನನಗೆ ಭಾರ ಆಗಿಲ್ಲ ವರ್ನಾ. ಎಲ್ಲಾ ಕೆಟ್ಟ ಮೇಲೆ ಕರೀತೀರಲ್ಲ ನನ್ನ, ಅದು ಭಾರ. ಈಗ ನೀನೂ ಕಾಲು ಕೊಳೆಸ್ಕೊಂಡು ಆಮೇಲೆ ಕರಿಯೋಳಿದ್ದೆ."

ತಪ್ಪಾಯಿತು ಅಂದೆ. ಆ ಮಾತನ್ನು ನಾನು ಅವಳಿಗೆ ಹಿಂದೆ ಯಾವತ್ತಾದರೂ ಹೇಳಿದ್ದೆನೋ ಇಲ್ಲವೋ. ಅಮ್ಮನ ವಿಷಯಕ್ಕಂತೂ ಹೇಳಿರಲಿಲ್ಲ. ಅದಕ್ಕೂ ಸೇರಿಸಿ ಇನ್ನೊಮ್ಮೆ ಹೇಳಿದೆ.

ಅವಳು ಸಮುದ್ರದ ಕಡೆ ತಿರುಗಿದಳು. ನಡಿಗೆ ಮುಗಿಯಿತು, ನಾಳೆ ವಾಪಸ್ ಹೊರಡುವುದೇ ಅಂತ ನಾನು ಗಟ್ಟಿಮಾಡಿಕೊಂಡೆ. ಆಮೇಲೆ ಅವಳು ನನ್ನ ಕಾಲಿನ ಕಡೆ ನೋಡಿದಳು.

"ಯಾರದೇ ಅದು ಬೂಟು?"

"ಐವಿ ಗಂಡಂದು."

"ಆನೆ ಕಾಲು ಇದ್ದಂಗಿದೆ." ಎದ್ದಳು. "ನಡಿ ಒಳಗೆ. ಇನ್ನೂ ಜೋಡಿ ಇದೆಯಲ್ಲ."

ನಾಲ್ಕನೆಯದು ಗಂಡಸರ ಬೂಟು, ಸಣ್ಣ ಅಳತೆಯದು, ಮುಂದೆ ಅಗಲ. ಈ ಸಲ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಐವಿ ಕಾಗದದ ಮೇಲೆ ನನ್ನ ಪಾದ ಇಟ್ಟು ಸುತ್ತ ಪೆನ್ಸಿಲ್ ಎಳೆದು, ಕತ್ತರಿಸಿ, ಆ ಕಾಗದವನ್ನು ಬೂಟೊಳಗೆ ಹಾಕಿ ನೋಡಿದಳು. ಎಲ್ಲೂ ಮಡಚಲಿಲ್ಲ. ತೊಟ್ಟಿಗೆ ಬೂಟು ಮಾತ್ರ ಇಳಿಯಿತು. ಟ್ವೈಲಾ ಅಂಗಿಯ ತೋಳು ಮಡಚಿ, ಬೂಟೊಳಗೆ ಕೈ ಇಳಿಸಿ, ಕೆಳಕ್ಕೆ ಒತ್ತಿ ಹಿಡಿದು, ಹತ್ತತ್ತು ನಿಮಿಷ ಬಗ್ಗಿಯೇ ನಿಂತಳು. ಎಡದ್ದು, ಆಮೇಲೆ ಬಲದ್ದು. ನಾನು ಗೋಡೆಯ ಗಡಿಯಾರ ನೋಡುತ್ತ ಬೆಂಚಿನ ಅಂಚು ಹಿಡಿದುಕೊಂಡಿದ್ದೆ.

"ಒಳಗೆ ಒಣಗೇ ಇದೆ," ಅಂದಳು.

ಹೊಸ ಬೂಟಿನಲ್ಲಿ ಮೊದಲ ದಿನವೇ ಬೆಟ್ಟ ಹತ್ತುವುದು ಹುಚ್ಚು ಅಂತ ಐವಿ ಹೇಳಿದಳು. ನನಗೂ ಗೊತ್ತಿತ್ತು. ಟ್ವೈಲಾ ಕರಾರು ಮಾಡಿದಳು. ಗಂಟೆಗೊಮ್ಮೆ ಕೂತು ಬೂಟು ಬಿಚ್ಚಬೇಕು. ಒದ್ದೆ ಇದ್ದರೆ ಅಲ್ಲಿಗೆ ನಿಲ್ಲಬೇಕು. ಸಾಸಿವೆಯಷ್ಟು ಕೆಂಪು ಕಂಡರೂ ಅಲ್ಲಿಂದಲೇ ವಾಪಸ್. "ಅಳಬಾರದು, ವಾದ ಮಾಡಬಾರದು," ಅಂದಳು. ನಾನು ಒಪ್ಪಿದೆ.

ಸೋಮವಾರ ಒಂಬತ್ತೂವರೆಗೆ ಹೊರಟೆವು. ಮಳೆ ಇರಲಿಲ್ಲ, ಆದರೆ ಆ ನೆಲಕ್ಕೆ ಮಳೆ ಬೇಕಾಗಿಯೂ ಇಲ್ಲ, ಹೆಜ್ಜೆ ಇಟ್ಟಲ್ಲೆಲ್ಲ ನೀರು ಜಿನುಗುತ್ತಿತ್ತು. ಟ್ವೈಲಾ ಮುಂದೆ ಹೋಗುತ್ತಿದ್ದಳು. ಒಂದು ದಿಬ್ಬ ಹತ್ತಿದಾಗ ಗ್ರೇ ರಿಡ್ಜ್ ಎದುರಿಗೇ ಕಂಡಿತು. ಅವಳು ನಿಂತು ಟೋಪಿ ತೆಗೆದಳು. ಗಂಟೆಯಾಗಿತ್ತು. ನಾನು ಬಂಡೆಯ ಮೇಲೆ ಕೂತೆ. ಅವಳು ಬಾಟಲಿಗೆ ನೀರು ತುಂಬಲು ಕೆಳಗಿನ ತೊರೆಗೆ ಇಳಿದಳು.

ಬೂಟು ಬಿಚ್ಚಿ ಕಾಲುಚೀಲ ಮುಟ್ಟಿ ನೋಡಿದೆ. ಒಣಗೇ ಇತ್ತು. ಜೀವ ಬಂದಂತಾಯಿತು. ಬಲಗಾಲು ಚೆನ್ನಾಗಿತ್ತು. ಎಡಗಾಲಿಗೆ ಕನ್ನಡಿ ಹಿಡಿದೆ. ಕಿರುಬೆರಳ ಪಕ್ಕದಲ್ಲಿ, ಮೆಣಸಿನ ಕಾಳಿನಷ್ಟು ಅಗಲಕ್ಕೆ, ಕೆಂಪು.

ಕನ್ನಡಿ ಒರೆಸಿ ಮತ್ತೆ ಹಿಡಿದೆ. ಅಲ್ಲೇ ಇತ್ತು. ನೋವಿಲ್ಲ, ಉರಿಯಿಲ್ಲ, ಗುಳ್ಳೆಯೂ ಎದ್ದಿಲ್ಲ. ಕೆಳಗೆ ಟ್ವೈಲಾ ನನ್ನ ಕಡೆ ಬೆನ್ನು ಹಾಕಿ ಕೂತು ನೀರು ತುಂಬುತ್ತಿದ್ದಳು. ಏನೋ ಗುನುಗುತ್ತಿದ್ದಳು, ಅವಳು ಗುನುಗುವುದು ನಾನು ಕೇಳಿ ಎಷ್ಟು ವರ್ಷವಾಗಿತ್ತು. ಕಾಲುಚೀಲ ನನ್ನ ಕೈಯಲ್ಲೇ ಇತ್ತು. ಏರಿಸಿಕೊಂಡರೆ ಎರಡು ಕ್ಷಣದ ಕೆಲಸ. ಇನ್ನೊಂದು ಗಂಟೆ ಅವಳು ಆ ಬೆಟ್ಟದ ಕಡೆಗೇ ನಡೆಯುತ್ತಾಳೆ. ಒಂದೇ ಗಂಟೆಯಲ್ಲಿ ಏನು ಮಹಾ ಆಗುತ್ತದೆ? ಅಮ್ಮನೂ ಹೀಗೇ ಅಂದುಕೊಂಡಿರಬೇಕು.

"ಟ್ವೈಲಾ," ಕೂಗಿದೆ. "ಬಾ ಇಲ್ಲಿ. ಕೆಂಪಗಾಗಿದೆ."

ಗುನುಗುವುದು ನಿಂತಿತು. ಅವಳು ಮೇಲೆ ಬಂದು, ನನ್ನ ಎದುರಿಗೆ ಒದ್ದೆ ನೆಲದ ಮೇಲೆ ಮಂಡಿಯೂರಿ, ಪಾದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಬೆಟ್ಟ ಅವಳ ಬೆನ್ನಿಗಿತ್ತು. ನಾನು ಅಳಬಾರದು ಅಂತ ಕರಾರಿತ್ತು, ಆದರೂ ಅತ್ತೆ. ಅವಳು ಚೀಲದಿಂದ ಪಟ್ಟಿ ತೆಗೆದು, ಬೆರಳಿಗೆ ಸುತ್ತಿ, ಕಾಲುಚೀಲ ಏರಿಸಿದಳು. ಬೂಟೊಳಗೆ ಕೈ ಹಾಕಿ ಒಳಗೆಲ್ಲ ಸವರಿ ನೋಡಿ, ಆಮೇಲೆ ತೊಡಿಸಿದಳು.

"ನೀನಾಗೇ ಹೇಳಿದೆ," ಅಂದಳು.

"ಹೂಂ."

"ಪರವಾನಗಿ ನಾಲ್ಕು ದಿನದ್ದು." ಲೇಸು ಬಿಗಿಯುತ್ತ ತಲೆ ಎತ್ತದೆ ಹೇಳಿದಳು. "ನಾಳೆ ಕೆಂಪು ಇಳಿದಿದ್ದರೆ ಮತ್ತೆ ಇಲ್ಲಿಗೆ ಬರೋಣ."

"ಇದೇ ಬಂಡೆಗಾ? ಇಷ್ಟೇ ದೂರಕ್ಕಾ?"

"ಇಲ್ಲಿಂದ ಬೆಟ್ಟ ಕಾಣುತ್ತಲ್ಲ," ಅಂದಳು. ಕೈ ಕೊಟ್ಟು ನನ್ನನ್ನು ಎಬ್ಬಿಸಿದಳು.